ಯುದ್ಧ ತನ್ನಿಂದಲೇ ಶುರುವಾಯಿತು ಎಂದುಕೊಂಡ ಹುಡುಗ: ‘ಎಂಪೈರ್ ಆಫ್ ದಿ ಸನ್’ ಮತ್ತೆ ನೋಡಿದ ಮೇಲೆ

ಹಳೆಯ ರೀಲು

ಗೆಳೆಯರೇ, ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಚಿತ್ರ ನೋಡಿದ್ದೆ. ಅದರಲ್ಲಿ ನೆನಪಿನಲ್ಲಿ ಉಳಿದದ್ದು ವಿಮಾನಗಳು ಮಾತ್ರ. ಮೊನ್ನೆ ರಾತ್ರಿ ಅದನ್ನೇ ಮತ್ತೆ ನೋಡಿದೆ: 1987ರ ‘ಎಂಪೈರ್ ಆಫ್ ದಿ ಸನ್’. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನ, ಜೆ. ಜಿ. ಬ್ಯಾಲಾರ್ಡ್ ಅವರ ಕಾದಂಬರಿ, ಟಾಮ್ ಸ್ಟಾಪರ್ಡ್ ಚಿತ್ರಕಥೆ. ಎರಡೂವರೆ ಗಂಟೆಯ ಚಿತ್ರ ಮುಗಿದ ಮೇಲೂ ಎದ್ದು ದೀಪ ಹಾಕಲು ಮನಸ್ಸಾಗಲಿಲ್ಲ. ಈಗ ನನ್ನ ಮಗನಿಗೆ ಹನ್ನೊಂದು ವರ್ಷ. ಅದಕ್ಕೇ ಇರಬೇಕು, ಈ ಸಲ ನಾನು ನೋಡಿದ್ದು ಬೇರೆಯೇ ಚಿತ್ರ.

ನೋಡದವರಿಗಾಗಿ ಕತೆ ಚುಟುಕಾಗಿ ಹೇಳುತ್ತೇನೆ. 1941, ಶಾಂಘೈ. ನಗರದ ಸುತ್ತಲಿನ ಚೀನಾ ಆಗಲೇ ಜಪಾನಿನ ಹಿಡಿತದಲ್ಲಿದೆ. ಆದರೂ ಅಂತರರಾಷ್ಟ್ರೀಯ ವಸತಿ ಪ್ರದೇಶದಲ್ಲಿ ಬ್ರಿಟಿಷರು ಈಜುಕೊಳ, ಆಳುಕಾಳು, ವೇಷಭೂಷಣದ ಪಾರ್ಟಿ ಎಂದು ನೆಮ್ಮದಿಯಾಗಿದ್ದಾರೆ. ಜೇಮಿ ಅಂಥ ಮನೆಯ ಒಬ್ಬನೇ ಮಗ. ಡಿಸೆಂಬರ್ 8ರಂದು ಜಪಾನಿ ಸೇನೆ ಆ ಪ್ರದೇಶಕ್ಕೂ ನುಗ್ಗುತ್ತದೆ. ನೂಕುನುಗ್ಗಲಿನಲ್ಲಿ ಹುಡುಗ ತಂದೆತಾಯಿಯಿಂದ ಬೇರೆಯಾಗುತ್ತಾನೆ. ಖಾಲಿ ಮನೆಯಲ್ಲಿ ಕೆಲವು ದಿನ ಕಳೆದು, ಬೀದಿಗೆ ಬಿದ್ದು, ಕೊನೆಗೆ ಬಂಧನ ಶಿಬಿರ ಸೇರಿ, 1945ರವರೆಗೆ ಬದುಕಿ ಉಳಿಯುತ್ತಾನೆ.

ಈಗ ನನ್ನನ್ನು ಕಾಡುತ್ತಿರುವ ಮಾತಿಗೆ ಬರುತ್ತೇನೆ. ದಾಳಿಯ ಬೆಳಗಿನ ಜಾವ ಹುಡುಗ ಹೋಟೆಲಿನ ಕಿಟಕಿಯಲ್ಲಿ ನಿಂತಿದ್ದಾನೆ. ನದಿಯಲ್ಲಿ ಜಪಾನಿ ಹಡಗೊಂದು ದೀಪದ ಸಂಕೇತ ಮಾಡುತ್ತಿದೆ. ಇವನು ಆಟಕ್ಕೆಂದು ತನ್ನ ಟಾರ್ಚ್ ಬೆಳಗಿಸಿ ಉತ್ತರ ಕೊಡುತ್ತಾನೆ. ಮರುಗಳಿಗೆಯಲ್ಲೇ ಗುಂಡಿನ ಮೊರೆತಕ್ಕೆ ಕೋಣೆ ಅದುರುತ್ತದೆ. ಒಳಗೆ ಓಡಿಬಂದ ಅಪ್ಪನಿಗೆ ಅವನು ಹೇಳುವ ಮೊದಲ ಮಾತು, ತಾನು ಬೇಕೆಂದು ಮಾಡಲಿಲ್ಲ, ಅದು ಬರಿಯ ತಮಾಷೆಯಾಗಿತ್ತು ಎಂದು. ಯುದ್ಧ ತನ್ನ ಟಾರ್ಚಿನಿಂದ ಶುರುವಾಯಿತು ಎಂದು ಆ ಮಗು ನಂಬಿದೆ. ಅಪ್ಪನಿಗೆ ಅದನ್ನು ಕೇಳಿಸಿಕೊಳ್ಳಲು ಸಮಯವಿಲ್ಲ. ‘ಹಾಗಲ್ಲ ಮಗು’ ಎಂದು ಯಾರೂ ಹೇಳುವುದಿಲ್ಲ.

ಅದಾಗಿ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಆಟಿಕೆ ವಿಮಾನ ಅವನ ಕೈಯಿಂದ ಜಾರುತ್ತದೆ. ಅದನ್ನು ಎತ್ತಿಕೊಳ್ಳಲು ಅಮ್ಮನ ಕೈ ಬಿಡುತ್ತಾನೆ. ಜನರ ನೂಕಾಟದಲ್ಲಿ ಕೈ ತಪ್ಪಿತು ಎಂದೇ ಇಷ್ಟು ವರ್ಷ ನನ್ನ ನೆನಪಿನಲ್ಲಿತ್ತು. ಅಲ್ಲ, ಬಿಟ್ಟವನು ಅವನೇ.

ಈ ಎರಡು ದೃಶ್ಯಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಮುಂದಿನ ಇಡೀ ಚಿತ್ರದ ಅರ್ಥವೇ ಬದಲಾಗುತ್ತದೆ. ಶಿಬಿರದಲ್ಲಿ ಅವನು ಒಂದು ನಿಮಿಷ ಸುಮ್ಮನೆ ಕೂರುವುದಿಲ್ಲ. ಒಬ್ಬರ ಬೂಟು ಒರೆಸುತ್ತಾನೆ, ಇನ್ನೊಬ್ಬರಿಗೆ ಸೋಪು ತಂದುಕೊಡುತ್ತಾನೆ, ಆಸ್ಪತ್ರೆಯಲ್ಲಿ ಉಸಿರು ನಿಂತ ಹೆಂಗಸಿನ ಎದೆ ಒತ್ತುತ್ತಾನೆ. ವಿಮರ್ಶಕರು ಇದನ್ನು ಚುರುಕುತನ, ಬದುಕುವ ಛಲ ಎಂದೆಲ್ಲ ಕರೆದಿದ್ದಾರೆ. ನನಗೆ ಕಂಡದ್ದು ಸಾಲ ತೀರಿಸುತ್ತಿರುವ ಹುಡುಗ. ನೋಡಿದವರು ನಿಮಗೆ ಏನನ್ನಿಸಿತು, ಹೇಳಿ.

ರೆಕ್ಕೆಪುಕ್ಕ

ನೀವು ಹನ್ನೆರಡರಲ್ಲಿ ನೋಡಿದ ಚಿತ್ರವನ್ನೇ ನಾನು ನಲವತ್ತರಲ್ಲೂ ನೋಡುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ನನಗೆ ಇದು ಇಂದಿಗೂ ವಿಮಾನಗಳ ಚಿತ್ರ, ಅದರಲ್ಲಿ ನನಗೆ ಸಂಕೋಚವೂ ಇಲ್ಲ.

ಶಿಬಿರದ ಪಕ್ಕದ ವಾಯುನೆಲೆಯ ಮೇಲೆ ಅಮೆರಿಕದ ಪಿ-51 ಮಸ್ಟಾಂಗ್ ಯುದ್ಧವಿಮಾನಗಳು ಎರಗುವ ದೃಶ್ಯವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ರಿಪೇರಿ ಮಾಡಿ ಹಾರುವ ಸ್ಥಿತಿಗೆ ತಂದ ನಿಜವಾದ ಮಸ್ಟಾಂಗ್‌ಗಳನ್ನು ನುರಿತ ಪೈಲಟ್‌ಗಳು ಛಾವಣಿಯ ಎತ್ತರದಲ್ಲಿ ಹಾರಿಸಿದರು. ಜಪಾನಿನ ಝೀರೋ ವಿಮಾನಗಳು ಮಾತ್ರ ವೇಷ ಹಾಕಿಕೊಂಡವು: ತರಬೇತಿಗೆ ಬಳಸುತ್ತಿದ್ದ ಅಮೆರಿಕದ ಟಿ-6 ವಿಮಾನಗಳ ಮೈ ಬದಲಿಸಿ ಬಣ್ಣ ಬಳಿದದ್ದು. ಕೆಲವು ಕಡೆ ರೇಡಿಯೋ ನಿಯಂತ್ರಣದ ದೊಡ್ಡ ಮಾದರಿಗಳೂ ಇವೆ.

ಛಾವಣಿಯ ಮೇಲೆ ನಿಂತ ಜಿಮ್ (ಜೇಮಿಯೇ, ಮುಂದೆ ಅವನ ಹೆಸರು ಜಿಮ್ ಆಗುತ್ತದೆ) ಆ ವಿಮಾನವನ್ನು ‘ಆಕಾಶದ ಕ್ಯಾಡಿಲಾಕ್’ ಎಂದು ಕೂಗುತ್ತಾನಲ್ಲ, ಅಲ್ಲಿ ನನಗೆ ಇನ್ನೊಂದು ಕಾರು ನೆನಪಾಗುತ್ತದೆ. ಮಸ್ಟಾಂಗ್‌ಗೆ ಹೆಸರು ತಂದುಕೊಟ್ಟ ಮರ್ಲಿನ್ ಎಂಜಿನ್ ರೋಲ್ಸ್ ರಾಯ್ಸ್ ವಿನ್ಯಾಸ. ಅದನ್ನು ಪರವಾನಗಿ ಪಡೆದು ಅಮೆರಿಕದಲ್ಲಿ ತಯಾರಿಸಿದ್ದು ಪ್ಯಾಕಾರ್ಡ್ ಕಾರು ಕಂಪನಿ. ಕಾದಂಬರಿಯಲ್ಲಿ ಜಿಮ್‌ನ ಮನೆಯ ಕಾರು ಕೂಡ ಪ್ಯಾಕಾರ್ಡ್. ಅಪ್ಪನ ಕಾರನ್ನು ಮಾಡಿದವರ ಎಂಜಿನ್ನೇ ಅವನ ತಲೆಯ ಮೇಲೆ ಹಾರಿಹೋಯಿತು. ಲೇಖಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ನನಗೆ ಆ ದೃಶ್ಯ ನೋಡುವಾಗಲೆಲ್ಲ ಇದು ಹೊಳೆದು ಮೈ ಜುಮ್ಮೆನ್ನುತ್ತದೆ.

ಆದರೆ ಟಾರ್ಚಿನ ಮಾತು ನನಗೆ ಹೊಸದು. ಆ ದೃಶ್ಯ ನೆನಪಿತ್ತು. ಅವನು ಅದನ್ನು ಕೊನೆಯವರೆಗೂ ಹೊತ್ತುಕೊಂಡು ತಿರುಗುತ್ತಾನೆ ಎಂಬುದು ತಲೆಗೆ ಬಂದಿರಲಿಲ್ಲ.

ಕಪ್ಪುಬಿಳುಪು

ಎಲ್ಲರೂ ಹೊಗಳುವ ಮುನ್ನ ಒಂದು ಭಿನ್ನಮತ ದಾಖಲಾಗಲಿ. ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಒಂದೇ ಕಾರಣಕ್ಕೆ ಬೇಸರವಾಯಿತು.

ಅದು ಚೀನಾದಲ್ಲಿ ನಡೆಯುವ ಕತೆ. ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿದ್ದು 1937ರ ಜುಲೈನಲ್ಲಿ. ಅದೇ ಆಗಸ್ಟಿನಿಂದ ನವೆಂಬರಿನವರೆಗೆ ಶಾಂಘೈ ಬೀದಿಗಳಲ್ಲೇ ಭೀಕರ ಕಾಳಗ ನಡೆಯಿತು. ಅಂದರೆ ಈ ಬ್ರಿಟಿಷ್ ಹುಡುಗನ ಪಾಲಿಗೆ ಯುದ್ಧ ‘ಶುರುವಾಗುವ’ ಹೊತ್ತಿಗೆ ಆ ಊರಿನ ಮಕ್ಕಳು ನಾಲ್ಕು ವರ್ಷ ಯುದ್ಧದಲ್ಲೇ ಕಳೆದಿದ್ದರು. ಅವರಲ್ಲಿ ಒಬ್ಬನಿಗಾದರೂ ಚಿತ್ರದಲ್ಲಿ ಹೆಸರಿದೆಯೇ? ಗೇಟಿನ ಬಳಿಯ ಭಿಕ್ಷುಕ, ಶೂ ಕಿತ್ತುಕೊಳ್ಳುವ ಪೋರ, ಗುಂಪು, ಹೆಣ. ಅಷ್ಟೇ.

ಎರಡನೆಯದು ಸಂಗೀತ. ಜಾನ್ ವಿಲಿಯಮ್ಸ್ ದೊಡ್ಡ ಸಂಗೀತಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ಸಂಕಟವನ್ನು ನಾನೇ ಕಂಡುಕೊಳ್ಳುವ ಮೊದಲೇ ವಾದ್ಯವೃಂದ ಬಂದು ಅಳು ಎನ್ನುತ್ತದೆ. ತಾರ್ಕೋವ್‌ಸ್ಕಿಯ ‘ಇವಾನ್ಸ್ ಚೈಲ್ಡ್‌ಹುಡ್’ (1962) ನೋಡಿ. ಅಲ್ಲಿಯೂ ಹನ್ನೆರಡರ ಹುಡುಗ, ಅಲ್ಲಿಯೂ ಯುದ್ಧ ತಾಯಿಯನ್ನು ಕಿತ್ತುಕೊಂಡಿದೆ. ಅವನ ಮುಖವೇ ಸಾಕಾಗುತ್ತದೆ. ತಾಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಬಂದದ್ದು ಸ್ಪೀಲ್‌ಬರ್ಗ್ ಚಿತ್ರದ ಬೆನ್ನಲ್ಲೇ, 1988ರಲ್ಲಿ. ಅಣ್ಣತಂಗಿ ಹಸಿವಿನಿಂದ ಸಾಯುತ್ತಾರೆ ಎಂದು ಅದು ಆರಂಭದಲ್ಲೇ ಹೇಳಿಬಿಡುತ್ತದೆ. ನಮ್ಮನ್ನು ಸಮಾಧಾನಪಡಿಸುವ ಗೋಜಿಗೇ ಹೋಗುವುದಿಲ್ಲ. ಅವುಗಳ ಪಕ್ಕದಲ್ಲಿ ಇದು ತುಂಬ ಚೆಂದವಾಗಿ ಚಿತ್ರಿಸಿದ ಯುದ್ಧ, ಚೆಂದ ಹೆಚ್ಚಾಯಿತು.

ಹಳೆಯ ರೀಲು

ಕಪ್ಪುಬಿಳುಪು ಅವರೇ, ಚೀನಿಯರಿಗೆ ಹೆಸರಿಲ್ಲ ಎಂಬ ಮಾತು ಸರಿ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ದೃಶ್ಯವನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅನ್ನಿಸಿತು.

ಆರಂಭದಲ್ಲಿ ರಾತ್ರಿ ಮಲಗುವ ಮುನ್ನ ಹುಡುಗ ಬಿಸ್ಕತ್ತು ಕೇಳುತ್ತಾನೆ. ಅಮ್ಮ ಬೇಡವೆಂದಿದ್ದಾರೆ ಎಂದು ಆಯಾ ಹೇಳುತ್ತಾಳೆ. ನಾನು ಹೇಳಿದ್ದನ್ನು ನೀನು ಮಾಡಲೇಬೇಕು ಎನ್ನುತ್ತಾನೆ ಇವನು. ದನಿಯಲ್ಲಿ ಸಿಟ್ಟಿಲ್ಲ, ಕೇಡಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟು ಸಹಜವಾಗಿ ಹೇಳುತ್ತಾನೆ. ಮುಂದೆ ತಂದೆತಾಯಿ ಇಲ್ಲದ ಮನೆಗೆ ಅವನು ಮರಳಿದಾಗ ಅದೇ ಆಯಾ ಇನ್ನೊಬ್ಬಳೊಂದಿಗೆ ಮನೆಯ ಪೀಠೋಪಕರಣ ಹೊರಗೆ ಸಾಗಿಸುತ್ತಿದ್ದಾಳೆ. ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಾನೆ. ಅವಳು ಹಿಡಿದದ್ದನ್ನು ಕೆಳಗಿಟ್ಟು, ನಿಧಾನವಾಗಿ ನಡೆದು ಬಂದು, ಕೆನ್ನೆಗೆ ಒಂದು ಬಾರಿಸಿ, ಮತ್ತೆ ಹೋಗಿ ತನ್ನ ಕೆಲಸ ಮುಂದುವರಿಸುತ್ತಾಳೆ. ಒಂದು ಮಾತಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಆ ಹೆಂಗಸು ಏನನ್ನು ನುಂಗಿಕೊಂಡಿದ್ದಳು ಎಂಬುದೆಲ್ಲ ಆ ಒಂದು ಏಟಿನಲ್ಲಿದೆ.

ಸಂಗೀತದ ವಿಷಯದಲ್ಲಿ ನಿಮ್ಮೊಂದಿಗೆ ಅರ್ಧ ಒಪ್ಪುತ್ತೇನೆ. ಖಾಲಿ ಮನೆಯ ದೃಶ್ಯಗಳಲ್ಲಿ ಸಂಗೀತ ಬಹುತೇಕ ಸುಮ್ಮನಿದೆ, ನನಗೆ ಆ ಭಾಗವೇ ಚಿತ್ರದ ಅತ್ಯುತ್ತಮ ಭಾಗ. ಅಮ್ಮನ ಕೋಣೆಯ ನೆಲದ ಮೇಲೆ ಟಾಲ್ಕಂ ಪೌಡರ್ ಚೆಲ್ಲಿದೆ. ಅದರಲ್ಲಿ ಬರಿಗಾಲಿನ ಗುರುತು, ಜೊತೆಗೆ ಬೂಟಿನ ಗುರುತು. ಏನು ನಡೆಯಿತೆಂದು ಹುಡುಗನಿಗೂ ಗೊತ್ತಾಗುತ್ತದೆ, ನಮಗೂ ಗೊತ್ತಾಗುತ್ತದೆ.

ಶಾಯಿ ಬಾಟಲಿ

ಪುಸ್ತಕ ಓದಿದವಳಾಗಿ ಒಂದಿಷ್ಟು ಸೇರಿಸುತ್ತೇನೆ, ಸ್ವಲ್ಪ ಉದ್ದವಾದೀತು.

ಬ್ಯಾಲಾರ್ಡ್ ಹುಟ್ಟಿದ್ದೇ ಶಾಂಘೈನಲ್ಲಿ, 1930ರ ನವೆಂಬರ್ 15ರಂದು. ತಂದೆ ಬಟ್ಟೆ ಉದ್ಯಮದಲ್ಲಿದ್ದರು. 1943ರ ಮಾರ್ಚ್‌ನಲ್ಲಿ ಕುಟುಂಬವನ್ನು ಲುಂಗ್‌ಹುವಾ ಶಿಬಿರಕ್ಕೆ ಸೇರಿಸಿದರು. ಯುದ್ಧ ಮುಗಿಯುವವರೆಗೆ ಅಲ್ಲೇ ಇದ್ದರು. ಆದರೆ ಗಮನಿಸಿ: ತಂದೆ, ತಾಯಿ, ತಂಗಿ ಎಲ್ಲರೂ ಜೊತೆಯಲ್ಲೇ, ಒಂದೇ ಪುಟ್ಟ ಕೋಣೆಯಲ್ಲಿದ್ದರು. ಹುಡುಗ ಕಳೆದುಹೋಗಲಿಲ್ಲ. ಕೈ ಬಿಡುವುದೂ ಇಲ್ಲ, ಬೀದಿಯಲ್ಲಿ ಅಲೆಯುವುದೂ ಇಲ್ಲ.

ಹಾಗಿದ್ದರೆ ಕಾದಂಬರಿಯಲ್ಲಿ ತಂದೆತಾಯಿಯನ್ನು ಏಕೆ ತೆಗೆದುಹಾಕಿದರು? 2008ರ ಆತ್ಮಕಥೆಯಲ್ಲಿ ಅವರೇ ವಿವರಿಸಿದ್ದಾರೆ. ಶಿಬಿರದಲ್ಲಿ ತಂದೆತಾಯಿ ಅವರಿಗೆ ಊಟ ಕೊಡಲಾರರು, ಕಾಯಲಾರರು, ಭರವಸೆ ಹೇಳಲಾರರು. ಪಕ್ಕದ ಹಾಸಿಗೆಯಲ್ಲೇ ಮಲಗಿದ್ದರೂ ಅವರ ನಡುವೆ ಒಂದು ದೂರ ಬೆಳೆಯಿತು, ಅದು ಆಮೇಲೂ ಅಳಿಯಲಿಲ್ಲ. ಆದ್ದರಿಂದ ಜಿಮ್‌ನನ್ನು ಅನಾಥನಂತೆ ಬರೆಯುವುದೇ ತಮ್ಮ ಅನುಭವಕ್ಕೆ ಹೆಚ್ಚು ಹತ್ತಿರ ಎಂದುಕೊಂಡರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ಮಗು ತಂದೆತಾಯಿಯ ಎದುರಿಗೇ ಕಳೆದುಹೋಗಬಲ್ಲದು.

ಪುಸ್ತಕ ಬಂದದ್ದು 1984ರಲ್ಲಿ, ಶಿಬಿರದಿಂದ ಹೊರಬಂದು ಸುಮಾರು ನಲವತ್ತು ವರ್ಷಗಳ ಮೇಲೆ. ಶಾಂಘೈಯನ್ನು ಮರೆಯಲು ಇಪ್ಪತ್ತು ವರ್ಷ, ನೆನಪಿಸಿಕೊಳ್ಳಲು ಇನ್ನಿಪ್ಪತ್ತು ವರ್ಷ ಬೇಕಾಯಿತು ಎಂಬರ್ಥದ ಮಾತನ್ನು ಅವರು ಹೇಳುತ್ತಿದ್ದರು. ನಡುವೆ ಅವರ ಬದುಕೂ ಹಗುರವಾಗಿರಲಿಲ್ಲ. 1964ರಲ್ಲಿ ಹೆಂಡತಿ ತೀರಿಕೊಂಡರು, ಮೂರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ಮಕ್ಕಳು ಬೆಳೆದು ದೊಡ್ಡವರಾದ ಮೇಲೆಯೇ ಆ ಕಾದಂಬರಿ ಬಂತು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಕಪ್ಪುಬಿಳುಪು ಅವರ ಆಕ್ಷೇಪದ ಬಗ್ಗೆ ಒಂದು ಮಾತು. ಪುಸ್ತಕ ಚಿತ್ರಕ್ಕಿಂತ ಎಷ್ಟೋ ಪಾಲು ಒಣಗಿದೆ, ಕಣ್ಣೀರು ತರಿಸಲು ಒಂದು ವಾಕ್ಯವೂ ಬಾಗುವುದಿಲ್ಲ. ಅಕ್ಕಿಯಲ್ಲಿನ ಹುಳುಗಳನ್ನು ಎಣಿಸಿ ತಿನ್ನುವ ಮಾತನ್ನೇ ತೆಗೆದುಕೊಳ್ಳಿ. ಹುಳದಲ್ಲಿ ಪ್ರೋಟೀನ್ ಇದೆ, ತೆಗೆದು ಬಿಸಾಡುವುದು ಬೇಡ ಎಂದು ಮನೆಯವರೇ ತೀರ್ಮಾನಿಸಿದ್ದನ್ನು ಬ್ಯಾಲಾರ್ಡ್ ತಮ್ಮ ನಿಜವಾದ ಶಿಬಿರದ ದಿನಗಳ ಬಗ್ಗೆ ಬರೆದಿದ್ದಾರೆ. ಅದನ್ನು ಅವರು ದಿನಚರಿ ಬರೆದಂತೆ ಬರೆಯುತ್ತಾರೆ, ಮರುಕ ಬೇಡುವುದಿಲ್ಲ.

ಯುದ್ಧ ಮುಗಿದ ಮೇಲೆ ಒಂದು ರೈಲ್ವೆ ನಿಲ್ದಾಣದಲ್ಲಿ ಜಪಾನಿ ಸೈನಿಕರು ಚೀನಿ ಯುವಕನೊಬ್ಬನನ್ನು ಟೆಲಿಫೋನ್ ತಂತಿಯಿಂದ ಕಟ್ಟಿ ಕೊಲ್ಲುವುದನ್ನು ಹುಡುಗ ಬ್ಯಾಲಾರ್ಡ್ ಕಂಡಿದ್ದರು. ಆ ಘಟನೆ ಆತ್ಮಕಥೆಯಲ್ಲಿದೆ. ಚೀನಿಯರ ಸಾವು ಅವರ ಕಣ್ಣಿಗೆ ಬೀಳಲಿಲ್ಲ ಎನ್ನುವಂತಿಲ್ಲ. ಅದನ್ನು ಹೇಳಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಮೊದಲ ಸಾಲು

ಚಿತ್ರ ನೋಡಿಲ್ಲ, ಈ ಮಾತುಕತೆ ಓದಿ ಈ ವಾರ ನೋಡಬೇಕು ಅಂದುಕೊಂಡಿದ್ದೇನೆ. ಒಂದು ಪ್ರಶ್ನೆ. ಇಡೀ ಚಿತ್ರವನ್ನು ನಿಜವಾದ ಆ ಶಿಬಿರದಲ್ಲೇ ತೆಗೆದಿದ್ದಾರೆಯೇ? ಎಲ್ಲೋ ಹಾಗೆ ಓದಿದ ನೆನಪು.

ರೆಕ್ಕೆಪುಕ್ಕ

ಇಲ್ಲ. ಶಾಂಘೈ ಬೀದಿಯ ದೃಶ್ಯಗಳನ್ನು ಶಾಂಘೈನಲ್ಲೇ ತೆಗೆದರು, 1987ರ ಮಾರ್ಚ್‌ನಲ್ಲಿ ಸುಮಾರು ಮೂರು ವಾರ, ಸಾವಿರಾರು ಸ್ಥಳೀಯರನ್ನು ಸೇರಿಸಿಕೊಂಡು. ಹಾಲಿವುಡ್ ತಂಡಕ್ಕೆ ಆಗ ಅಲ್ಲಿ ಅನುಮತಿ ಸಿಗುವುದೇ ಅಪರೂಪವಾಗಿತ್ತು. ಶಿಬಿರ ಮತ್ತು ವಾಯುನೆಲೆಯನ್ನು ಕಟ್ಟಿದ್ದು ಸ್ಪೇನಿನ ದಕ್ಷಿಣದ ಟ್ರೆಬುಹೇನಾ ಎಂಬಲ್ಲಿ. ಆ ಚಪ್ಪಟೆ ನೆಲ, ಧೂಳು, ದೊಡ್ಡ ಆಕಾಶ ಎಲ್ಲ ಅಲ್ಲಿಯದು. ನಿಜವಾದ ಲುಂಗ್‌ಹುವಾ ಶಿಬಿರದ ಜಾಗದಲ್ಲಿ ಈಗ ಶಾಂಘೈನ ಹೆಸರಾಂತ ಪ್ರೌಢಶಾಲೆ ಇದೆ. ಚಿತ್ರದಲ್ಲಿ ಶಿಬಿರದ ಹೆಸರೂ ಬೇರೆ, ಸೂಚೌ ಕ್ರೀಕ್.

ಬಿಳಿಕೋಟು

ನಾನು ಮಕ್ಕಳ ವಾರ್ಡಿನಲ್ಲಿ ಹದಿನೇಳು ವರ್ಷ ದಾದಿಯಾಗಿ ಕೆಲಸ ಮಾಡಿದ್ದೇನೆ. ಹಳೆಯ ರೀಲು ಅವರು ಟಾರ್ಚಿನ ಬಗ್ಗೆ ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಮಕ್ಕಳು ಹಾಗೆಯೇ ಯೋಚಿಸುತ್ತಾರೆ. ಮನೆಯಲ್ಲಿ ಕೆಟ್ಟದ್ದು ನಡೆದರೆ ಅದಕ್ಕೆ ತಾವೇ ಕಾರಣವೆಂದು ತಮ್ಮೊಳಗೇ ತೀರ್ಮಾನಿಸಿಕೊಳ್ಳುತ್ತಾರೆ. ನಾನು ಆ ದಿನ ಹಟ ಮಾಡಿದ್ದಕ್ಕೇ ಅಪ್ಪನಿಗೆ ಕಾಯಿಲೆ ಬಂತು ಎಂದು ಒಂದು ಮಗು ನನಗೆ ಹೇಳಿತ್ತು, ಅದೂ ಎರಡು ವಾರ ದಿನವೂ ಮಾತಾಡಿಸಿದ ಮೇಲೆ. ದೊಡ್ಡವರು ಕೇಳದಿದ್ದರೆ ಅವು ಹೇಳುವುದಿಲ್ಲ. ಹೇಳದೆ ಇರುವ ಮಗು ಬಹಳ ಸಲ ತುಂಬ ಒಳ್ಳೆಯ ಮಗುವಾಗಿಬಿಡುತ್ತದೆ. ಯಾರಿಗೂ ತೊಂದರೆ ಕೊಡದ, ಕೇಳುವ ಮೊದಲೇ ನೀರು ತಂದುಕೊಡುವ ಮಗು. ಅಂಥವನ್ನು ಕಂಡರೆ ನಮಗೆ ನೆಮ್ಮದಿಗಿಂತ ಕಳವಳವೇ ಹೆಚ್ಚು.

ಆದ್ದರಿಂದ ಶಿಬಿರದ ಜಪಾನಿ ಅಧಿಕಾರಿ ಸಾರ್ಜೆಂಟ್ ನಗಾಟ ಆಸ್ಪತ್ರೆಯ ಕಿಟಕಿಗಳನ್ನು ಒಡೆಯುತ್ತ ಡಾಕ್ಟರ್ ರಾಲಿನ್ಸ್ ಅವರನ್ನು ಹೊಡೆಯುವಾಗ ಜಿಮ್ ಮುಂದೆ ಬಂದು ನೆಲಕ್ಕೆ ತಲೆ ಬಾಗಿಸಿ ಜಪಾನಿ ಭಾಷೆಯಲ್ಲಿ ಬೇಡಿಕೊಳ್ಳುವ ದೃಶ್ಯ ನನಗೆ ನೋಡಲಾಗಲಿಲ್ಲ. ಅದನ್ನು ಧೈರ್ಯ ಎನ್ನುವವರಿದ್ದಾರೆ. ಧೈರ್ಯ ಹೌದು. ಆದರೆ ಎಲ್ಲರನ್ನೂ ತಾನೇ ಕಾಪಾಡಬೇಕು ಎಂದು ನಂಬಿದ ಮಗುವಿನ ಧೈರ್ಯ ಅದು.

ಇನ್ನೊಂದು. ಬಾಂಬ್ ದಾಳಿಯ ಮಧ್ಯೆ ಡಾಕ್ಟರ್ ಅವನನ್ನು ಹಿಡಿದುಕೊಂಡಾಗ ಅವನು ಕೊನೆಗೂ ಕುಸಿಯುತ್ತಾನೆ, ನನ್ನ ತಂದೆತಾಯಿ ಹೇಗಿದ್ದರೆಂದು ನೆನಪಾಗುತ್ತಿಲ್ಲ ಎನ್ನುತ್ತಾನೆ. ವಿಮಾನ ಕಂಡು ಕುಣಿಯುತ್ತಿದ್ದವನು ಅರ್ಧ ನಿಮಿಷದಲ್ಲಿ ಅಲ್ಲಿಗೆ ಬರುತ್ತಾನೆ. ಆ ವಯಸ್ಸಿನಲ್ಲಿ ಸಂತೋಷ ಮತ್ತು ದುಃಖದ ನಡುವೆ ಗೋಡೆ ಇರುವುದಿಲ್ಲ, ನಿಜ ಜೀವನದಲ್ಲಿ ನಾನು ಕಂಡದ್ದೂ ಹಾಗೆಯೇ. ಜಿಮ್ ಆಗಿ ನಟಿಸಿದ ಕ್ರಿಶ್ಚಿಯನ್ ಬೇಲ್‌ಗೆ ಆಗ ಹದಿಮೂರು ವರ್ಷ. ಅದನ್ನು ಯಾರು ಹೇಳಿಕೊಟ್ಟರೋ.

ಶಿಬಿರದಲ್ಲಿ ಅವನ ಹಾಸಿಗೆಯ ಪಕ್ಕ ಪತ್ರಿಕೆಯಿಂದ ಹರಿದ ಒಂದು ಚಿತ್ರ ಅಂಟಿಸಿರುವುದನ್ನು ಗಮನಿಸಿದಿರಾ? ನಾರ್ಮನ್ ರಾಕ್‌ವೆಲ್ 1943ರಲ್ಲಿ ಬರೆದ ಚಿತ್ರ: ಮಲಗಿದ ಮಕ್ಕಳಿಗೆ ತಾಯಿ ಹೊದಿಕೆ ಸರಿಪಡಿಸುತ್ತಿದ್ದಾಳೆ, ತಂದೆ ಪಕ್ಕದಲ್ಲಿ ನಿಂತಿದ್ದಾನೆ. ಆರಂಭದಲ್ಲಿ ಅವನ ತಂದೆತಾಯಿ ಅವನನ್ನು ಮಲಗಿಸುವ ದೃಶ್ಯವನ್ನೂ ಅದೇ ಭಂಗಿಯಲ್ಲಿ ಚಿತ್ರಿಸಿದ್ದಾರೆ. ಮುಖ ಮರೆತುಹೋಯಿತು, ಭಂಗಿ ಉಳಿಯಿತು.

ಏಕತಾಳ

ಸಂಗೀತದ ವಿಷಯ ಬಂದದ್ದರಿಂದ ಇದನ್ನು ಹೇಳದೆ ಹೋಗಲಾರೆ. ಕಪ್ಪುಬಿಳುಪು ಅವರೇ, ವಾದ್ಯವೃಂದದ ಬಗ್ಗೆ ನಿಮ್ಮ ಮಾತು ನಿಮಗಿರಲಿ. ಆದರೆ ‘ಸುವೋ ಗಾನ್’ ಬೇರೆ.

ಅದು ವೇಲ್ಸ್ ನಾಡಿನ ಹಳೆಯ ಜೋಗುಳ. ಆ ಎರಡು ಪದಗಳಿಗೆ ಅರ್ಥವೇ ಜೋಗುಳ. ಚಿತ್ರ ಶುರುವಾಗುವುದು ಅದರಿಂದಲೇ: ಹುವಾಂಗ್‌ಪು ನದಿಯಲ್ಲಿ ಕಾಗದದ ಹೂವುಗಳ ನಡುವೆ ಶವಪೆಟ್ಟಿಗೆಗಳು ತೇಲುತ್ತಿವೆ, ಮೇಲೆ ಮಕ್ಕಳ ದನಿಯಲ್ಲಿ ಜೋಗುಳ. ಮುಂದೆ ಆತ್ಮಾಹುತಿಗೆ ಹೊರಟ ಜಪಾನಿ ಪೈಲಟ್‌ಗಳು ಮುಂಜಾನೆ ಕೊನೆಯ ವಿಧಿ ನಡೆಸುವಾಗ ಬೇಲಿಯ ಈಚೆ ನಿಂತ ಜಿಮ್ ಕೈಯೆತ್ತಿ ವಂದಿಸಿ ಅದನ್ನೇ ಹಾಡುತ್ತಾನೆ. ಪರದೆಯ ಮೇಲೆ ಬಾಯಾಡಿಸಿದ್ದು ಬೇಲ್, ದನಿ ಜೇಮ್ಸ್ ರೇನ್‌ಬರ್ಡ್ ಎಂಬ ಹುಡುಗನದು.

ಶತ್ರುಗಳು ಸಾಯಲು ಹೊರಟಿದ್ದಾರೆ. ಅವರೂ ಹೆಚ್ಚುಕಡಿಮೆ ಹುಡುಗರೇ. ಅವರಿಗೆ ಇವನ ಬಳಿ ಕೊಡಲು ಇರುವುದು ಅಮ್ಮಂದಿರು ಹಾಡುವ ಹಾಡು ಮಾತ್ರ. ಅಮ್ಮನ ಮುಖ ಮರೆತವನು ಜೋಗುಳ ಮರೆತಿಲ್ಲ. ನನ್ನ ಅಜ್ಜಿ ಕೊನೆಯ ವರ್ಷದಲ್ಲಿ ನಮ್ಮೆಲ್ಲರ ಹೆಸರು ಮರೆತರು. ತೊಟ್ಟಿಲ ಹಾಡನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಹಾಡುತ್ತಿದ್ದರು. ಆದ್ದರಿಂದ ಆ ದೃಶ್ಯದಲ್ಲಿ ನನಗೆ ಉತ್ಪ್ರೇಕ್ಷೆ ಕಾಣುವುದಿಲ್ಲ.

ನಡುರಾತ್ರಿ ಓದುಗ

ಯಾರೂ ಬೇಸಿಯ ಹೆಸರೆತ್ತಲಿಲ್ಲ. ಜಾನ್ ಮಾಲ್ಕೊವಿಚ್ ಮಾಡಿದ ಪಾತ್ರ, ಅಮೆರಿಕದ ಹಡಗಿನ ಕೆಲಸಗಾರ. ನನಗೆ ಚಿತ್ರದ ನಡುಗಂಬ ಅವನೇ.

ಬೇಸಿ ಮೊದಲು ಹುಡುಗನನ್ನು ಮಾರಲು ನೋಡುತ್ತಾನೆ. ಕೊಳ್ಳುವವರು ಸಿಗುವುದಿಲ್ಲ. ಸತ್ತವರ ಪಾಲಿನ ಊಟ ಹೇಗೆ ದಕ್ಕಿಸಿಕೊಳ್ಳಬೇಕೆಂದು ಕಲಿಸುತ್ತಾನೆ. ಶಿಬಿರಕ್ಕೆ ಹೊರಟ ಲಾರಿಯಲ್ಲಿ ಇವನಿಗೆ ಜಾಗವಿಲ್ಲದಾಗ ಕಣ್ಣೆತ್ತಿಯೂ ನೋಡುವುದಿಲ್ಲ. ದಾರಿ ನನಗೆ ಗೊತ್ತು ಎಂದು ಚಾಲಕನಿಗೆ ಹೇಳಿ ಹುಡುಗ ತಾನಾಗಿಯೇ ಹತ್ತಿಕೊಳ್ಳುತ್ತಾನೆ. ಮುಂದೆ ಬೇಲಿಯಾಚೆ ಹಕ್ಕಿಗೆ ಉರುಲು ಹಾಕಿ ಬಾ ಎಂದು ಕಳಿಸುತ್ತಾನೆ. ಅಲ್ಲಿ ನೆಲಬಾಂಬು ಇದೆಯೋ ಇಲ್ಲವೋ ತಿಳಿಯಲು ಹುಡುಗನ ಕಾಲು ಸಾಕು. ಹುಡುಗನಿಗೆ ಇದು ಗೊತ್ತಿಲ್ಲ. ತನಗೆ ದೊಡ್ಡ ಜವಾಬ್ದಾರಿ ವಹಿಸಿದ್ದಾರೆಂದು ಹಿಗ್ಗುತ್ತಾನೆ. ಇಷ್ಟಾದರೂ ಬೇಸಿಯನ್ನು ಅವನು ಪ್ರೀತಿಸುತ್ತಾನೆ.

ಡಾಕ್ಟರ್ ರಾಲಿನ್ಸ್ ಅವನಿಗೆ ಲ್ಯಾಟಿನ್ ಕಲಿಸುತ್ತಾರೆ, ಒಳ್ಳೆಯವರು. ಬೇಸಿ ಬದುಕಲು ಕಲಿಸುತ್ತಾನೆ, ಕೆಟ್ಟವನು. ಹುಡುಗನಿಗೆ ಇಬ್ಬರೂ ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ, ಚಿತ್ರ ಒಪ್ಪಿಕೊಳ್ಳುತ್ತದೆ. ಕಪ್ಪುಬಿಳುಪು ಅವರು ಹೇಳಿದ ‘ಚೆಂದ’ ಇಲ್ಲಿ ಎಲ್ಲಿದೆ?

ಬಹುಮಾನದ ವಿಷಯವನ್ನೂ ಹೇಳಿಬಿಡುತ್ತೇನೆ. ಆರು ಆಸ್ಕರ್ ನಾಮನಿರ್ದೇಶನ, ಒಂದೂ ಬರಲಿಲ್ಲ. ಅದೇ ವರ್ಷ ಚೀನಾದ್ದೇ ಕತೆಯ ‘ದಿ ಲಾಸ್ಟ್ ಎಂಪರರ್’ ಒಂಬತ್ತಕ್ಕೆ ಒಂಬತ್ತೂ ಗೆದ್ದಿತು. ಬೇಲ್‌ಗೆ ಮಾತ್ರ ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಬಾಲನಟನೆಂದು ವಿಶೇಷ ಪ್ರಶಸ್ತಿ ಕೊಟ್ಟಿತು. ನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗರನ್ನು ನೋಡಿ ಆರಿಸಿದ್ದರಂತೆ.

ಶಾಯಿ ಬಾಟಲಿ

ಬೇಲ್ ಮಾತು ಬಂತಲ್ಲ. ವೇಷಭೂಷಣದ ಪಾರ್ಟಿಯ ದೃಶ್ಯವನ್ನು ಇಂಗ್ಲೆಂಡಿನಲ್ಲಿ ಚಿತ್ರಿಸುವಾಗ ಬ್ಯಾಲಾರ್ಡ್ ಅಲ್ಲಿಗೆ ಹೋಗಿದ್ದರು. ಒಬ್ಬ ಹುಡುಗ ಬಂದು, ನಮಸ್ಕಾರ, ನಾನೇ ನೀವು ಎಂದು ಪರಿಚಯ ಹೇಳಿಕೊಂಡನಂತೆ. ಆಗ ಬ್ಯಾಲಾರ್ಡ್‌ಗೆ ಐವತ್ತಾರು ವರ್ಷ.

ಕಪ್ಪುಬಿಳುಪು

ನಿಮ್ಮೆಲ್ಲರ ಮಾತು ಓದಿ ನಿನ್ನೆ ನಾಲ್ಕನೆಯ ಸಲ ನೋಡಿದೆ. ಹೆಸರಿಲ್ಲದ ಚೀನಿಯರ ಬಗ್ಗೆ ನನ್ನ ಮಾತು ಹಿಂತೆಗೆದುಕೊಳ್ಳುವುದಿಲ್ಲ, ಆಯಾಳ ಏಟು ಎಷ್ಟೇ ಗಟ್ಟಿಯಾಗಿದ್ದರೂ. ಆದರೆ ಟಾರ್ಚಿನ ಎಳೆಯನ್ನು ಹಿಡಿದು ನೋಡಿದಾಗ ಕೊನೆಯ ಭಾಗ ನನಗೆ ಮೊದಲ ಸಲ ಅರ್ಥವಾಯಿತು. ಇದನ್ನು ಒಪ್ಪಿಕೊಳ್ಳಲು ಸಂತೋಷವೇ.

ಶಿಬಿರ ಖಾಲಿ ಮಾಡಿಸಿ ಎಲ್ಲರನ್ನೂ ನಡೆಸಿಕೊಂಡು ಹೋಗುತ್ತಾರೆ. ಬ್ರಿಟಿಷರ ಮನೆಗಳಿಂದ ವಶಪಡಿಸಿಕೊಂಡ ಪಿಯಾನೋ, ಕುರ್ಚಿ, ಕನ್ನಡಿ, ಕಾರುಗಳನ್ನೆಲ್ಲ ತುಂಬಿಸಿಟ್ಟ ಕ್ರೀಡಾಂಗಣದಲ್ಲಿ, ಶಿಬಿರದಲ್ಲಿ ಅವನ ಜೊತೆಯಲ್ಲಿದ್ದ ಮಿಸೆಸ್ ವಿಕ್ಟರ್ ಜಿಮ್‌ನ ಪಕ್ಕದಲ್ಲೇ ಸಾಯುತ್ತಾಳೆ. ಆಗ ದಿಗಂತದಲ್ಲಿ ಬಿಳಿಯ ಬೆಳಕೊಂದು ಹರಡುತ್ತದೆ. ಅವಳ ಆತ್ಮ ಮೇಲೆ ಹೋಯಿತು ಎಂದುಕೊಳ್ಳುತ್ತಾನೆ. ಅದು ನಾಗಾಸಾಕಿ, 1945ರ ಆಗಸ್ಟ್ 9. ನಡುವೆ ಸುಮಾರು 800 ಕಿಲೋಮೀಟರ್ ಸಮುದ್ರ. ಆಮೇಲೆ ರೇಡಿಯೋದಲ್ಲಿ ಅಣುಬಾಂಬಿನ ಸುದ್ದಿ ಕೇಳುತ್ತಾನೆ. ಕಿಟಕಿಯಲ್ಲಿ ಬೆಳಗಿದ ಒಂದು ಪುಟ್ಟ ಬೆಳಕಿನಿಂದ ಅವನ ಯುದ್ಧ ಶುರುವಾಯಿತು, ಆಕಾಶ ತುಂಬಿದ ಬೆಳಕಿನಿಂದ ಮುಗಿಯಿತು. ಇದು ಮೂರು ಸಲ ನೋಡಿದಾಗಲೂ ನನಗೆ ಹೊಳೆಯದೆ ಹೋದದ್ದು ಹೇಗೋ.

ಬೇಲಿಯ ಈಚೆಯಿಂದ ಗೆಳೆಯನಾದ ಜಪಾನಿ ಹುಡುಗ ಇವನಿಗೆ ಮಾವಿನಹಣ್ಣು ಕತ್ತರಿಸಿ ಕೊಡಲು ಕತ್ತಿ ಎತ್ತಿದಾಗ ಬೇಸಿಯ ಜೊತೆಗಾರ ತಪ್ಪು ತಿಳಿದು ಗುಂಡು ಹಾರಿಸುತ್ತಾನೆ. ಜಿಮ್ ಆ ಹುಡುಗನ ಎದೆಯನ್ನು ಒತ್ತುತ್ತಲೇ ಇರುತ್ತಾನೆ. ಎಲ್ಲರನ್ನೂ ಮರಳಿ ಬದುಕಿಸಬಲ್ಲೆ ಎನ್ನುತ್ತಾನೆ, ಎಲ್ಲರನ್ನೂ. ಒಂದು ಕ್ಷಣ ಅವನ ಕೈಕೆಳಗೆ ಮಲಗಿರುವುದು ಹಳೆಯ ಶಾಲಾ ಸಮವಸ್ತ್ರದ ಜೇಮಿ. ಮೊದಲೆಲ್ಲ ಈ ದೃಶ್ಯ ನನಗೆ ಅತಿ ಅನ್ನಿಸುತ್ತಿತ್ತು. ಯುದ್ಧ ತನ್ನಿಂದ ಶುರುವಾಯಿತು ಎಂದುಕೊಂಡವನು ಬೇರೆ ಏನನ್ನು ಹೇಳಲು ಸಾಧ್ಯ?

ಮೊದಲ ಸಾಲು

ನಿನ್ನೆ ನೋಡಿದೆ. ಕೊನೆಯಲ್ಲಿ ತಂದೆ ಅವನ ಪಕ್ಕದಲ್ಲೇ ಹಾದುಹೋಗುತ್ತಾರೆ, ಗುರುತು ಸಿಗುವುದಿಲ್ಲ. ಅಲ್ಲಿಂದ ಮುಂದೆ ಪರದೆ ಸರಿಯಾಗಿ ಕಾಣಲಿಲ್ಲ. ಬಿಳಿಕೋಟು ಅವರೇ, ಅಮ್ಮ ಸಿಕ್ಕ ಮೇಲೂ ಅವನು ಅಳುವುದಿಲ್ಲವಲ್ಲ, ಅದು ಏಕೆ?

ಬಿಳಿಕೋಟು

ಅವನು ಮೊದಲು ಪರೀಕ್ಷಿಸುತ್ತಾನೆ, ನೋಡಿ. ಅಮ್ಮನ ತುಟಿ ಮುಟ್ಟುತ್ತಾನೆ, ಟೋಪಿ ತೆಗೆದು ಕೂದಲು ಮುಟ್ಟುತ್ತಾನೆ. ಬಹಳ ದಿನ ತಾಯಿಯಿಂದ ದೂರವಿದ್ದ ಮಕ್ಕಳು ನಮ್ಮ ವಾರ್ಡಿನಲ್ಲಿ ಹೀಗೆಯೇ ಮಾಡುತ್ತಿದ್ದರು. ಓಡಿಬಂದು ತಬ್ಬಿಕೊಳ್ಳುತ್ತಾರೆ ಎಂದು ತಾಯಂದಿರು ಕಾದಿರುತ್ತಿದ್ದರು. ಮಗು ದೂರ ನಿಂತು ನೋಡುತ್ತಿತ್ತು. ಕೆಲವು ತಾಯಂದಿರಿಗೆ ಅದರಿಂದ ಬಹಳ ನೋವಾಗುತ್ತಿತ್ತು. ಅಳು ಆಮೇಲೆ ಬರುತ್ತದೆ, ಎಷ್ಟೋ ಸಲ ರಾತ್ರಿ, ಯಾವುದೋ ಚಿಕ್ಕ ಕಾರಣಕ್ಕೆ.

ಚಿತ್ರದಲ್ಲಿ ಅವನು ಅಮ್ಮನ ಹೆಗಲ ಮೇಲಿಂದ ಕಣ್ಣು ತೆರೆದು ನೋಡುತ್ತಿರುತ್ತಾನೆ, ಆಮೇಲೆ ಕಣ್ಣು ಮುಚ್ಚುತ್ತಾನೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಕಾವಲಿದ್ದಾರೆಂದು ಮುಚ್ಚಿದ ಕಣ್ಣು ಅದು ಅನ್ನಿಸುತ್ತದೆ ನನಗೆ.

ಹಳೆಯ ರೀಲು

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಎಲ್ಲರಿಗೂ ಕೃತಜ್ಞ.

ಭಾನುವಾರ ಮಗನೊಂದಿಗೆ ನೋಡಿದೆ. ಅವನಿಗೆ ಮೊದಲೇ ಏನನ್ನೂ ಹೇಳಲಿಲ್ಲ. ನಾನು ಅವನ ವಯಸ್ಸಿನಲ್ಲಿ ನೋಡಿದಂತೆ ಅವನೂ ವಿಮಾನಗಳನ್ನೇ ನೋಡಿಕೊಳ್ಳಲಿ ಎಂದುಕೊಂಡಿದ್ದೆ. ಝೀರೋ ವಿಮಾನದ ಮೈಯನ್ನು ಜಿಮ್ ಮುಟ್ಟುವಾಗ ಬೆಸುಗೆಯ ಕಿಡಿಗಳು ಹಾರುತ್ತವಲ್ಲ, ಮೂವರು ಪೈಲಟ್‌ಗಳು ಅವನಿಗೆ ತಿರುಗಿ ವಂದಿಸುತ್ತಾರಲ್ಲ, ಅಲ್ಲಿ ಅವನು ಮುಂದಕ್ಕೆ ಬಗ್ಗಿ ಕೂತ. ಕೊನೆಯ ದೃಶ್ಯದಲ್ಲಿ ಜಿಮ್‌ನ ಹಳೆಯ ಸೂಟ್‌ಕೇಸ್ ಒಂದೇ ನದಿಯಲ್ಲಿ ತೇಲುತ್ತ ಬಂದಾಗ, ಮೊದಲು ಅಲ್ಲಿ ಪೆಟ್ಟಿಗೆಗಳಿದ್ದವು ಎಂದು ಅವನೇ ಹೇಳಿದ.

ಚಿತ್ರ ಮುಗಿದ ಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ರಾತ್ರಿ ಮಲಗುವ ಮುನ್ನ ಕೇಳಿದ: “ಅಪ್ಪಾ, ಟಾರ್ಚ್ ಹಾಕಿದ್ದರಿಂದ ಅಲ್ಲ ಎಂದು ಅವನಿಗೆ ಆಮೇಲಾದರೂ ಯಾರಾದರೂ ಹೇಳಿರುತ್ತಾರಾ?”

ಅಮ್ಮ ಹೇಳಿರುತ್ತಾರೆ ಎಂದೆ. ಅವನು ಒಪ್ಪಲಿಲ್ಲ. “ಅಮ್ಮನಿಗೆ ಟಾರ್ಚಿನ ವಿಷಯ ಗೊತ್ತೇ ಇಲ್ಲವಲ್ಲ, ಅವನು ಹೇಳಿದ್ದು ಅಪ್ಪನಿಗೆ” ಎಂದ.